ಮೂರನೆಯ ಪೈಪು

ಇದು ಖಡಕಿಯಲ್ಲಿ ಹೋಟೆಲು ಇಟ್ಟಿರುವ ಲೋಕನಾಥ ಶೆಟ್ಟರಿಗೆ ಆದದ್ದು. ಎಂಬತ್ತೇಳರ ಡಿಸೆಂಬರ್. ಶೆಟ್ಟರು ದೆವ್ವಗಿವ್ವಕ್ಕೆ ಹೆದರುವ ಆಸಾಮಿಯಲ್ಲ. ಹಾಲಿಗೆ ನೀರು ಬೆರೆಸಿದ್ದನ್ನು ಕ್ಯಾನಿನಿಂದ ಸುರಿಯುವ ಸದ್ದಿನಲ್ಲೇ ಹಿಡಿಯುವ ಮನುಷ್ಯ.

ಆವತ್ತು ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದು ಹೊರಟರು. ಮನೆಯ ದಾರಿಯಲ್ಲಿ ಒಂದು ಪಾಳುಬಾವಿ, ಅದರ ಮೇಲೆ ಬಾಗಿದ ಆಲದ ಮರ. ಮರದಾಚೆ ತಾಯಪ್ಪನ ಗ್ಯಾರೇಜು. ತಾಯಪ್ಪ ಯಾದಗಿರಿ ಕಡೆಯ ಮೇಸ್ತ್ರಿ, ಮಲಗುವುದೂ ಅಲ್ಲೇ. ಶೆಟ್ಟರ ಕಾರು ಅವನ ಕೈಯಲ್ಲಿತ್ತು. ಮಿಲಿಟರಿ ಅಧಿಕಾರಿಯೊಬ್ಬರು ಹೊರದೇಶದಿಂದ ತರಿಸಿ ಶೆಟ್ಟರಿಗೆ ಮಾರಿದ್ದ, ಹತ್ತು ವರ್ಷ ಹಳೆಯ ಟರ್ಬೊ ಗಾಡಿ. ಮರುದಿನ ಬೆಳಿಗ್ಗೆ ಐದಕ್ಕೆ ಹೆಂಡತಿ ಕುಸುಮ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಭೋರ್ ಊರು ದಾಟಿ ಘಾಟಿ ಇಳಿಯಬೇಕು. ಘಾಟಿಯ ಕೆಳಗಿನ ಮಹಾಡಿನಲ್ಲಿ ನಾದಿನಿಯ ಮದುವೆ.

ಕಾಲು ಮುಂದೆ ಹೋಗುತ್ತಿತ್ತು, ಮನಸ್ಸು ಹಿಂದೆ ಎಳೆಯುತ್ತಿತ್ತು...

ಆವತ್ತೇ ಬೆಳಿಗ್ಗೆ ತಾಯಪ್ಪ ಎಂಜಿನ್ನಿನ ಗಾಳಿ ಪೈಪುಗಳಿಗೆ ಲೋಬಾನದ ಹೊಗೆ ಊದಿ ಎರಡು ಕಡೆ ಸೋರುವುದನ್ನು ತೋರಿಸಿದ್ದ. ಒಂದು, ಬಿರುಕು ಬಿಟ್ಟ ಸಣ್ಣ ಪೈಪು. ಇನ್ನೊಂದು, ಎಂಜಿನ್ನಿನ ಹೊಟ್ಟೆಯಿಂದ ಎಣ್ಣೆಯ ಆವಿ ಎಳೆಯುವ ಪೈಪು. ನೆನೆದು ಹಲ್ವದ ಹಾಗೆ ಮೆತ್ತಗಾಗಿತ್ತು.

"ಇದ್ಯಾವ ಪೈಪ್ರೀ ಶೆಟ್ರ?"

"ಹೋಟೆಲಿನ ಗ್ಯಾಸ್ ಪೈಪು ಮಾರಾಯ. ರಬ್ಬರು ರಬ್ಬರೇ ಅಲ್ವಾ?"

"ಹಂಗಾರ ನಾಳಿಂದ ಒಗ್ಗರಣಿಗಿ ಡೀಸೆಲ್ ಹಾಕ್ರಿ. ಎಣ್ಣಿ ಎಣ್ಣೀನೇ ಅಲ್ಲೇನು?"

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಆ ನಗುವಿಗೆ ಶೆಟ್ಟರು ಒಂದು ಮಾತು ನುಂಗಿಬಿಟ್ಟರು. ಅದೇ ಗ್ಯಾಸ್ ಪೈಪಿನ ಇನ್ನೊಂದು ತುಂಡನ್ನು ಬ್ರೇಕಿಗೆ ಬಲ ಕೊಡುವ ಪೈಪಿನ ನಡುವೆಯೂ ತಾವೇ ಸಿಕ್ಕಿಸಿ, ಮೇಲೆ ಕರಿ ಟೇಪು ಸುತ್ತಿದ್ದರು. ಅಲ್ಲಿಂದ ಹೊಗೆ ಬರಲಿಲ್ಲವಲ್ಲ... ಗಟ್ಟಿ ಇರಬೇಕು.

ಆಲದ ಕೆಳಗೆ ಬಂದರು.

ಸ್ಸ್‌ಸ್...

ನಿಂತರು. ಸದ್ದೂ ನಿಂತಿತು.

ಬಾವಿಕಟ್ಟೆಯ ಮೇಲೆ ಒಬ್ಬ ಮುದುಕ. ಖಾಕಿ ಅಂಗಿ. ಕೈಯಲ್ಲಿ ಮೊಳದುದ್ದದ ರಬ್ಬರ್ ಪೈಪು; ಒಂದು ತುದಿ ಕಿವಿಯಲ್ಲಿ, ಇನ್ನೊಂದು ಕತ್ತಲಲ್ಲಿ. ಮೇಸ್ತ್ರಿಗಳು ಸೋರಿಕೆ ಆಲಿಸುವುದು ಹಾಗೆಯೇ.

"ಗಾಡಿ ನಿಮ್ದೇನ್ರಿ?" ಪಿಸುಮಾತು.

"ಹೌದು."

"ಕೇಳ್ರಿ."

ತನ್ನ ಕಿವಿಯಲ್ಲಿದ್ದ ತುದಿಯನ್ನು ಶೆಟ್ಟರ ಬಲಗಿವಿಗೆ ಒತ್ತಿದ. ಮಂಜುಗಡ್ಡೆಯಷ್ಟು ತಣ್ಣಗೆ. ಒಳಗೆ ಅವರದೇ ಗಾಡಿಯ ಎಂಜಿನ್ನು... ಗುರ್‌ರ್‌, ಗುರ್‌ರ್‌. ಅದರ ಅಡಿಯಲ್ಲಿ ಇನ್ನೊಂದು ಸದ್ದು. ಮೂಗು ಕಟ್ಟಿದ ಮಗು ನಿದ್ದೆಯಲ್ಲಿ ಉಸಿರೆಳೆದ ಹಾಗೆ. ಹೀಂಂಂ... ಪಟ್. ಹೀಂಂಂ... ಪಟ್.

"ಸೋರೂದು ಇನ್ನೊಂದ್ ಉಳದದ. ಯಾವುದದು?"

ಶೆಟ್ಟರಿಗೆ ಗೊತ್ತಿತ್ತು.

"ಹೇಳಿಬಿಡ್ರಿ..." ಮುದುಕ ಬಾವಿಯ ಕಡೆ ತಿರುಗಿದ. "ನನಗ ಯಾರೂ ಹೇಳಿದ್ದಿಲ್ಲ."

ಶೆಟ್ಟರು ಓಡಿದರು. ಹಿಂದೆ ತಿರುಗಿ ನೋಡಲಿಲ್ಲ. ಗ್ಯಾರೇಜಿನ ತಗಡಿನ ಬಾಗಿಲು ಬಡಿದರು. ಢಣ್, ಢಣ್. ತಾಯಪ್ಪ ಕಣ್ಣುಜ್ಜುತ್ತ ಬಂದ.

"ಇಷ್ಟು ಹೊತ್ತಲ್ಲಿ ಎಂಜಿನ್ ಯಾಕೆ ಚಾಲೂ ಮಾಡಿದ್ದು ನೀನು?"

"ಚಾಲೂನಾ? ಬ್ಯಾಟರೀನೇ ಇಲ್ಲಲ್ರೀ. ಸಂಜಿಗೇ ಚಾರ್ಜಿಂಗಿಗೆ ಕೊಟ್ಟೀನಿ, ನಸುಕಿನ್ಯಾಗ ತರ್ತೀನಿ."

ಬಾನೆಟ್ ಎತ್ತಿ ಕಂದೀಲು ಹಿಡಿದ. ಬ್ಯಾಟರಿಯ ಜಾಗ ಖಾಲಿ. ಎರಡು ವೈರು ನೇತಾಡುತ್ತಿದ್ದವು. ಶೆಟ್ಟರು ಎಂಜಿನ್ನಿನ ಮೇಲೆ ಕೈಯಿಟ್ಟರು. ತಣ್ಣಗಿತ್ತು.

"ತಾಯಪ್ಪ... ಬ್ರೇಕಿನ ಪೈಪಲ್ಲೂ ಗ್ಯಾಸಿನದ್ದೇ ತುಂಡು ಉಂಟು. ಟೇಪಿನ ಒಳಗೆ. ನಾನೇ ಹಾಕಿದ್ದು."

ಈ ಸಲ ತಾಯಪ್ಪ ನಗಲಿಲ್ಲ. ಟೇಪು ಬಿಚ್ಚಿದ. ಚರ್‌ರ್‌... ಪೈಪಿನ ಅಡಿಗೆ ಬೆರಳುದ್ದದ ಸೀಳು. ತಣ್ಣಗಿದ್ದಾಗ ತುಟಿ ಮುಚ್ಚಿದ ಹಾಗೆ ಕೂಡಿಕೊಂಡಿತ್ತು, ಅದಕ್ಕೇ ಹೊಗೆ ಹೊರಬಿದ್ದಿರಲಿಲ್ಲ.

"ಕಾದ ಮ್ಯಾಲೆ ಬಾಯಿ ಬಿಡ್ತದ ಇದು. ಘಾಟಿನ್ಯಾಗ ನಾಕ್ ಸಲ ಬ್ರೇಕ್ ಒತ್ತಿದ್ರ ಐದನೇ ಸಲಕ್ಕ ಪೆಡಲ್ ಕಲ್ಲಾಗ್ತಿತ್ತು, ಬ್ರೇಕ್ ಹಿಡೀತಿದ್ದಿಲ್ಲ. ಮಕ್ಕಳು ಇರ್ತಿದ್ರು ಒಳಗ..." ದನಿ ಇಳಿಸಿದ. "ಈಗ್ಯಾಕ ಹೇಳಿದ್ರಿ?"

ಶೆಟ್ಟರು ಮುದುಕನ ವಿಷಯ ಹೇಳಿದರು.

"ಖಾಕಿ ಅಂಗಿ?"

"ಹೌದು."

ತಾಯಪ್ಪ ಕಂದೀಲು ಕೆಳಗಿಟ್ಟ. "ನಮ್ಮ ಉಸ್ತಾದ ಅಂಬಾರಾಯ. ಗಿರಾಕಿ ಗಾಡಿ ಟೆಸ್ಟಿಗೆ ಒಯ್ದಾವ ಆ ಘಾಟಿನ್ಯಾಗೇ ಸತ್ತ. ಮೂರು ವರ್ಷಾತು. ಬ್ರೇಕ್ ಕೆಟ್ಟದ್ದು ಗಿರಾಕಿಗಿ ಗೊತ್ತಿತ್ತಂತ..."

ಬೆಳಿಗ್ಗೆ ಕುಟುಂಬ ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ಮದುವೆಗೆ ಹೋಯಿತು. ಬಸ್ಸಿನಲ್ಲಿ ಬೆಳಕಾದ ಮೇಲೆ ಕುಸುಮ ಕೇಳಿದರು, "ನಿಮ್ಮ ಕಿವಿಗೆ ಎಂತದು ಮಸಿ?"

ಬಲಗಿವಿಯಲ್ಲಿ ಉಂಗುರದಷ್ಟು ದುಂಡಗೆ, ಎಣ್ಣೆಗಪ್ಪು. ಸೆರಗಿನಲ್ಲಿ ಒರೆಸಿದರು. ಆಮೇಲೆ ಸೋಪು, ಕೊಬ್ಬರಿ ಎಣ್ಣೆ, ಕೊನೆಗೆ ಸೀಮೆಎಣ್ಣೆ. ಹೋಗಲಿಲ್ಲ.

ಕಟ್ಟುಕತೆ ಅನ್ನುವವರು ಒಮ್ಮೆ ಖಡಕಿಗೆ ಹೋಗಿಬನ್ನಿ. ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುತ್ತಾರೆ. ಅವರ ಬಲಕ್ಕೆ ನಿಂತು ಒಂದು ಚಹಾ ಹೇಳಿ... ಕಿವಿ ನೋಡಿ.