ಮೇಡಂಗೆ ಹೇಳುವವರು ಯಾರು?

ಮಗಳ ಪ್ರವೇಶಕ್ಕೆಂದು ವಿಶ್ವವಿದ್ಯಾಲಯದಲ್ಲಿ ಸಾಲಿನಲ್ಲಿ ನಿಂತಿದ್ದೆ. ಪಕ್ಕದ ಹೊಸ ಸಭಾಂಗಣಕ್ಕೆ ಆ ದಿನ ಸಸ್ಯಶಾಸ್ತ್ರ ವಿಭಾಗ ಕಟ್ಟಿದ ಹಿರಿಯ ಪ್ರಾಧ್ಯಾಪಕಿಯ ಹೆಸರಿಡುವವರಿದ್ದರು. ಅವರ ಇಬ್ಬರು ಶಿಷ್ಯರು, ಈಗ ತಾವೂ ಮೇಷ್ಟ್ರುಗಳೇ, ಬಾಗಿಲಲ್ಲಿ ನಿಂತು ಪಿಸುಗುಡುತ್ತಿದ್ದರು. ಇಬ್ಬರಲ್ಲಿ ಚಿಕ್ಕವರು ಕೇಳಿದರು:

“ವಿಭಾಗ ಮುಚ್ಚಿದ್ದು ಮೇಡಂಗೆ ಹೇಳಿದ್ರಾ ಸರ್?”

“ಹೇಳೋಣ ಅಂತಾನೇ ಫೋನ್ ಮಾಡ್ದೆ ಕಣೋ. ‘ಸಮಾರಂಭ ಮುಗಿದ ಮೇಲೆ ನಮ್ಮ ಮಕ್ಕಳಿಗೆ ಒಂದು ಪಾಠ ಮಾಡ್ತೀನಿ’ ಅಂದುಬಿಟ್ರು.”

“ಏನಂದ್ರಿ ಮತ್ತೆ?”

“ಆಗ್ಲಿ ಮೇಡಂ ಅಂದೆ.”

“ಅಯ್ಯೋ! ಮಕ್ಕಳೆಲ್ಲಿದ್ದಾರೆ ಸರ್?”

“ಕಾಮರ್ಸ್‌ನೋರನ್ನ ಕೂರಿಸಿದ್ರೆ?”

“ಮೊದಲ ಪ್ರಶ್ನೆಗೇ ಬಣ್ಣ ಬಯಲಾಗುತ್ತೆ.”

“ಮುಚ್ಚೋ ಮೀಟಿಂಗಲ್ಲಿ ನೀನೂ ಕೈ ಎತ್ತಿದ್ದೆ, ಮರೀಬೇಡ.”

“ನೀವು ಎತ್ತಿದ್ರಿ ಅಂತ ಎತ್ತಿದೆ. ಅವತ್ತಿಂದ ಊಟ ಸೇರ್ತಿಲ್ಲ ಸರ್.”

“ನಂಗೇನು ಸೇರ್ತಿದೆಯಾ?”

ಕಾರು ಬಂತು. ಬಿಳಿಗೂದಲ ಹೆಂಗಸೊಬ್ಬರು ಇಳಿದರು.

“ಏನ್ ಸರ್, ಅಷ್ಟು ದೊಡ್ಡ ಚೀಲ?”

“ಎಲೆ ಇಣುಕ್ತಿವೆ ನೋಡು. ಮಕ್ಕಳಿಗೆ ತೋರಿಸೋಕೆ ತಂದಿದ್ದಾರೆ.”

“ಚೀಲ ನಾನು ಇಸ್ಕೋತೀನಿ. ನೀವು ಹೇಳಿಬಿಡಿ ಸರ್.”

“ಇಲ್ಲ ಕಣೋ, ಚೀಲ ನಾನು ಹಿಡೀತೀನಿ.”

ಇಬ್ಬರೂ ಕೈ ಚಾಚಿಕೊಂಡೇ ಮೆಟ್ಟಿಲಿಳಿದರು.