ಕೆಂಪು ಹಗ್ಗ

...ಇಲ್ಲ ಟೀಚರೇ, ಚಾ ಆಮೇಲೆ. ಮೊದಲು ಮಗನನ್ನೂ ಸೊಸೆಯನ್ನೂ ದಡಕ್ಕೆ ಕರೆಯಿರಿ. ವಿಘ್ನೇಶನ ಮೊಬೈಲ್ ಎಲ್ಲಿ? ಇಲ್ಲೇ ಬಿಟ್ಟು ಹೋಗಿದ್ದಾನಾ... ಸೊಸೆಯದ್ದೂ ಇಲ್ಲೇ. ಹೌದು, ನೀರಿಗೆ ಹೋಗುವಾಗ ಮೊಬೈಲ್ ಯಾರು ಕೊಂಡು ಹೋಗ್ತಾರೆ. ಸರಿ, ಸರಿ. ಗಾಬರಿ ಎಂತದ್ದೂ ಇಲ್ಲ. ನಾನು ಓಡಿಕೊಂಡು ಬಂದದ್ದಾ? ಅದು... ಬಸ್ಸು ತಡ ಆಯ್ತು. ಹೊಸಂಗಡಿಯಿಂದ ನಿಂತುಕೊಂಡೇ ಬಂದದ್ದು, ಆದಿತ್ಯವಾರ ಅಲ್ವಾ.

ನಿನ್ನೆ ಬೋಟು ರಿಪೇರಿ ಮಾಡಿ ತಂದು ಬಿಟ್ಟಾಗ ನಾನು ಹೇಳಿ ಹೋಗಿದ್ದೆ. ನಾಳೆ ಬಂದು ಮೈಂಟೆನೆನ್ಸ್ ಎಲ್ಲ ಹೇಳಿಕೊಡ್ತೇನೆ, ಅಲ್ಲಿಯವರೆಗೆ ನೀರಿಗೆ ಇಳಿಸಬೇಡಿ ಅಂತ. ಹೇಳಿದ್ದೆನಾ ಇಲ್ವಾ? ಗೊತ್ತುಂಟು, ಸೆಕೆಂಡ್ ಹ್ಯಾಂಡ್ ಆದರೂ ನಿಮ್ಮ ಮನೆಗೆ ಅದು ಹೊಸತೇ. ಮನೆ ಹಿಂದೆಯೇ ಹೊಳೆ ಉಂಟು, ಬೋಟು ದಡದಲ್ಲಿ ಉಂಟು, ಗಂಡ ಹೆಂಡತಿ ಇಬ್ಬರಿಗೂ ಕೈಕಾಲು ಸುಮ್ಮನೆ ಇರುವುದಿಲ್ಲ. ಆದರೂ ಒಂದು ಎರಡು ಗಂಟೆ ಕಾಯಬಹುದಿತ್ತು.

ಯಾಕೆ ನಗ್ತೀರಿ? ಹೆಂಗಸರ ಹಾಗೆ ಹೆದರುತ್ತೇನೆ ಅಂತಲಾ? ನೀವೇ ಹೆದರುವುದಿಲ್ಲವಲ್ಲ ಮತ್ತೆ.

ಓ, ಅಲ್ಲಿ ಕಾಣ್ತದೆ. ಶ್ರೀರಂಜಿನಿ ಹಿಂದೆ ನೀರಿನಲ್ಲಿ, ಬೋಟು ಎಳೆಯುವ ಹಲಗೆಯ ಮೇಲೆ ನಿಂತಿದ್ದಾಳೆ, ಒಳ್ಳೆ ಬ್ಯಾಲೆನ್ಸ್ ಉಂಟು ಅವಳಿಗೆ. ವಿಘ್ನೇಶ ಎಷ್ಟು ಸ್ಪೀಡು ಬಿಟ್ಟಿದ್ದಾನೆ ನೋಡಿ. ಟೀಚರೇ, ಒಮ್ಮೆ ಕೈ ಬೀಸಿ ಕರೆಯಿರಿ. ಅಲ್ಲ, ಅಲ್ಲ, ಹಾಗೆ ಜೋರಾಗಿ ಬೀಸಬೇಡಿ, ಕೂಗಲೂ ಬೇಡಿ. ಎಂತದೋ ಆಯ್ತು ಅಂತ ಅವನು ಒಮ್ಮೆಲೇ ತಿರುಗಿಸಿದರೆ ಕಷ್ಟ. ಮೆಲ್ಲ... ಊಟಕ್ಕೆ ಕರೆಯುವ ಹಾಗೆ. ಹಾಂ. ನೋಡಲಿಲ್ಲ ಅವನು. ಹೋಗಲಿ, ಇನ್ನೊಂದು ಸುತ್ತಿಗೆ ಈ ಕಡೆ ಬಂದೇ ಬರ್ತಾನೆ.

ಎಣ್ಣೆ ನೋಡಬೇಕಿತ್ತು ಟೀಚರೇ, ಅದಕ್ಕೇ ಕರೆಯಲಿಕ್ಕೆ ಹೇಳಿದ್ದು. ಬೇರೆ ಎಂತದ್ದೂ ಇಲ್ಲ. ಎಂಜಿನ್ ಎಣ್ಣೆ. ಇಳಿಸುವ ಮೊದಲು ಪ್ರತಿ ಸಲ ಕಡ್ಡಿ ಎಳೆದು ನೋಡಬೇಕು... ನೀವು ಬುಕ್ಕು ಸಹ ಹಿಡ್ಕೊಂಡು ಕೂತಿದ್ದೀರಾ? ಬರ್ಕೊಳ್ಳಿ, ಬರ್ಕೊಳ್ಳಿ. ಅವನಿಗಿಂತ ನಿಮ್ಮ ತಲೆಯಲ್ಲೇ ಹೆಚ್ಚು ಉಳೀತದೆ.

ಹೇಳ್ತೇನೆ. ಈ ಶಿರಿಯ ಹೊಳೆಯಲ್ಲಿ ಉಬ್ಬರಕ್ಕೆ ಉಪ್ಪು ನೀರು ಮೇಲೆ ಬರ್ತದೆ. ಹಾಗಾಗಿ ಪ್ರತಿ ಸಲ ಬೋಟು ಮೇಲೆ ತಂದ ಮೇಲೆ ಪೈಪು ಹಾಕಿ ಎಂಜಿನಿನ ಒಳಗೆ ಬಾವಿ ನೀರು ಓಡಿಸಬೇಕು, ಹತ್ತು ನಿಮಿಷ. ನೀರು ಇಲ್ಲದೆ ಎಂಜಿನ್ ಒಂದು ನಿಮಿಷ ಸಹ ಓಡಿಸಬಾರದು. ಒಳಗೆ ನೀರು ಎಳೆಯುವ ರಬ್ಬರಿನ ಚಕ್ರ ಉಂಟು, ಸುಟ್ಟು ಹೋಗ್ತದೆ. ವರ್ಷಕ್ಕೊಮ್ಮೆ ಹೇಗೂ ಅದನ್ನು ಬದಲಿಸಬೇಕು. ಮತ್ತೆ, ಅಡಿಯಲ್ಲಿ ನೀರು ಇಳಿಯುವ ತೂತಿಗೆ ಒಂದು ಬೂಚು ಉಂಟು. ಮೇಲೆ ತಂದಾಗ ತೆಗೆಯುವುದು, ಇಳಿಸುವ ಮೊದಲು ಹಾಕುವುದು. ಬರ್ಕೊಂಡ್ರಾ? ಮಳೆಗಾಲದಲ್ಲಿ ಪ್ಲಾಸ್ಟಿಕ್ ಶೀಟು ಬಿಗಿಯಾಗಿ ಕಟ್ಟಬೇಡಿ, ಗಾಳಿ ಆಡದಿದ್ದರೆ ಸೀಟೆಲ್ಲ ಬೂಷ್ಟು ಹಿಡೀತದೆ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಗೂಡಿನ ಗಾಳಿ ಫ್ಯಾನು ಹಾಕಿ ನಾಲ್ಕು ನಿಮಿಷ ಕಾಯಬೇಕು, ಪೆಟ್ರೋಲಿನ ಗ್ಯಾಸ್ ಹೊರಗೆ ಹೋಗಲಿ. ಅವನು ಕಾದನಾ ಇವತ್ತು? ಕಾದನಲ್ಲ, ಒಳ್ಳೇದು. ಮೊದಲು ಓಡಿಸಲಿಕ್ಕೆ ಕಲಿಸುವಾಗ ನಾನು ಹೇಳಿದ್ದನ್ನು ಹುಡುಗ ಮರೆಯಲಿಲ್ಲ. ಹೇಳಿದ್ದನ್ನೆಲ್ಲ ಹಾಗೇ ಮಾಡ್ತಾನೆ...

ಅಲ್ಲ ಟೀಚರೇ, ಅವನು ಯಾಕೆ ನಿಂತುಕೊಂಡು ಓಡಿಸ್ತಾ ಇದ್ದಾನೆ? ಕೂತುಕೊಳ್ಳಲಿಕ್ಕೆ ಸೀಟು ಇಲ್ವಾ? ಹಿಂದೆ ತಿರುಗಿ ಹೆಂಡತಿಯನ್ನು ನೋಡ್ತಾನೆ ಬೇರೆ. ಒಂದು ಅಲೆ ಅಡ್ಡ ಬಂದರೆ ಸಾಕು, ಸೀದಾ ನೀರಿಗೆ.

ಹಾಂ? ಕೈಗೆ ಕೆಂಪು ಹಗ್ಗ ಕಟ್ಟಿಕೊಂಡಿದ್ದಾನಾ. ಹೌದು. ಕಟ್ಟಿಕೊಳ್ಳಬೇಕು. ಒಂದು ತುದಿ ಸ್ಟೇರಿಂಗಿನ ಹತ್ತಿರ ಸ್ವಿಚ್ಚಿಗೆ, ಒಂದು ತುದಿ ಓಡಿಸುವವನ ಕೈಗೆ. ಅವನು ಬಿದ್ದರೆ ಹಗ್ಗ ಎಳೀತದೆ, ಎಂಜಿನ್ ಬಂದ್. ಇಲ್ಲದಿದ್ದರೆ ಬೋಟು ತಾನಾಗಿ ಸುತ್ತು ತಿರುಗಿ ಬಿದ್ದವನ ಮೇಲೆಯೇ ಬರ್ತದೆ, ಅಡಿಯಲ್ಲಿ ಪ್ರೊಪೆಲ್ಲರಿನ ರೆಕ್ಕೆ ತಿರುಗ್ತಾ ಇರ್ತದೆ... ಹೌದು, ನಾನೇ ಹೇಳಿಕೊಟ್ಟದ್ದು. ಈ ಹಗ್ಗ ಇದ್ದರೆ ಹೆದರಿಕೆ ಇಲ್ಲ ಅಂತ ನಾನೇ ಹೇಳಿದ್ದು.

ನೀವು ಯಾಕೆ ಬರೆಯುವುದು ನಿಲ್ಲಿಸಿದಿರಿ?

ಬ್ಯಾಗಿನಲ್ಲಾ? ಎಂತದ್ದೂ ಇಲ್ಲ, ಸ್ಪ್ಯಾನರು, ಸ್ಕ್ರೂ ಡ್ರೈವರು. ಆ ಡಬ್ಬಿ... ಅದೊಂದು ಸಣ್ಣ ಪಾರ್ಟು. ನಿನ್ನೆ ರಾತ್ರಿ ಮಂಗಳೂರಿಂದ ಪಾರ್ಸೆಲ್ ಬಂತು. ಯಾವುದಕ್ಕಾ? ನಿಮ್ಮ ಬೋಟಿಗೇ ಮತ್ತೆ. ಹೌದು, ರಿಪೇರಿ ಆಗಿದೆ ಅಂತ ಹೇಳಿದ್ದೆ. ಆಗಿದೆ. ನಡು ಹೊಳೆಯಲ್ಲಿ ಎಂಜಿನ್ ತಾನಾಗಿ ನಿಲ್ತದೆ ಅಂತ ಅಲ್ವಾ ನಿಮ್ಮ ಕಂಪ್ಲೇಂಟು? ಈಗ ನಿಲ್ತದಾ? ಇಲ್ಲವಲ್ಲ.

ಟೀಚರೇ, ಹಾಗೆ ನೋಡಬೇಡಿ. ಐದನೇ ಕ್ಲಾಸಿನಲ್ಲಿಯೂ ನೀವು ಹೀಗೆಯೇ. ಬೇರೆ ಟೀಚರು ಬೆತ್ತ ತೆಗೆಯುತ್ತಿದ್ದರು, ಎರಡು ಪೆಟ್ಟು ತಿಂದರೆ ಮುಗೀತಿತ್ತು. ನೀವು ಸುಮ್ಮನೆ ನಿಲ್ತಿದ್ದಿರಿ, ನಾವಾಗಿಯೇ ಬಾಯಿ ಬಿಡುವ ತನಕ. ನನಗೆ ಅದಕ್ಕಿಂತ ಪೆಟ್ಟೇ ಆಗಬಹುದಿತ್ತು.

ಆ ಹಗ್ಗದ ಸ್ವಿಚ್ಚೇ ಹಾಳಾಗಿದ್ದದ್ದು. ಹಳೇ ಸ್ವಿಚ್ಚು, ಒಳಗೆ ತುಕ್ಕು. ಸ್ವಲ್ಪ ಅಲ್ಲಾಡಿದರೆ ಸಾಕು, ಓಡಿಸುವವನು ಬಿದ್ದ ಹಾಗೆ ಎಂಜಿನ್ ಬಂದ್ ಮಾಡ್ತಿತ್ತು. ಪಾರ್ಟು ಬರಲಿಕ್ಕೆ ಇನ್ನೆರಡು ದಿನ ಅಂದರು. ನೀವು ಶುಕ್ರವಾರ ಫೋನ್ ಮಾಡಿದಿರಲ್ಲ, "ನಿನ್ನಿಂದ ಆಗ್ತದಾ ಸಾಲ್ವದೊರ್, ಇಲ್ಲ ಮಂಗಳೂರಿಗೆ ಕಳಿಸಲಾ" ಅಂತ. ಅದು ಮೂರನೇ ಸಲ ಕೇಳಿದ್ದು. ನನಗೆ ಮರ್ಯಾದೆ ಹೋದ ಹಾಗಾಯ್ತು. ನಿಮ್ಮ ಎದುರು ಆಗುವುದಿಲ್ಲ ಅಂತ ಹೇಗೆ ಹೇಳುವುದು? ಹಿಂದಿನಿಂದ ಎರಡು ವಯರು ಜೋಡಿಸಿಬಿಟ್ಟೆ.

ಹೌದು. ಸ್ವಿಚ್ಚು ಲೆಕ್ಕಕ್ಕೇ ಇಲ್ಲ ಈಗ. ಹಗ್ಗ ಬರೀ ತೋರಿಕೆಗೆ. ಅವನು ಬಿದ್ದರೆ... ನಿಲ್ಲುವುದಿಲ್ಲ.

ಇವತ್ತು ಪಾಠ ಹೇಳುವ ನೆವದಲ್ಲಿ ಬಂದು, ನೀವು ಚಾ ಮಾಡುವಷ್ಟರಲ್ಲಿ ಹೊಸತು ಹಾಕಿ ಹೋಗುವ ಅಂತ ಇದ್ದೆ. ನಿಮಗೆ ಗೊತ್ತೇ ಆಗ್ತಿರಲಿಲ್ಲ. ಬೈದುಬಿಡಿ ಟೀಚರೇ, ಎಂತಾದರೂ ಹೇಳಿ...

ಜೆಜು, ದೇವರೇ! ಬಿದ್ದಳು! ಅವಳು ಬಿದ್ದಳು, ಶ್ರೀರಂಜಿನಿ. ಇಲ್ಲ, ಅವಳಿಗೆ ಜಾಕೆಟ್ ಉಂಟು, ತೇಲ್ತಾಳೆ, ಅದಲ್ಲ. ಅವನು ತಿರುಗಿಸಿದ. ಅವಳನ್ನು ಹತ್ತಿಸಿಕೊಳ್ಳಲಿಕ್ಕೆ ಹತ್ತಿರ ಹೋಗ್ತಾನೆ. ಹತ್ತಿರ ಹೋದರೆ ಹಗ್ಗ ಎಳೆದುಬಿಡು, ಅದೇ ಬೇಗ ನಿಲ್ಲಿಸುವ ದಾರಿ ಅಂತ ನಾನು... ವಿಘ್ನೇಶಾ! ಕೀ! ಕೀ ತಿರುಗಿಸು! ಕೇಳುವುದಿಲ್ಲ ಅವನಿಗೆ, ಆ ಶಬ್ದದಲ್ಲಿ. ಟೀಚರೇ, ನೀವು ನೀರಿಗೆ ಇಳಿಯಬೇಡಿ, ಕೆಸರು ಉಂಟು ಅಲ್ಲಿ, ನನ್ನ ಕೈ ಹಿಡಿಯಿರಿ. ಬಗ್ಗಿದ ಅವನು. ಅವಳು ಕೈ ಚಾಚಿದಳು. ವಿಘ್ನೇಶಾ, ಕೀ...

ನಿಂತಿತು.

ಶಬ್ದ ನಿಂತಿತು ಟೀಚರೇ. ಕೀ ತಿರುಗಿಸಿದ. ನೋಡಿ, ಹತ್ತಿದಳು, ನಗ್ತಾ ಇದ್ದಾಳೆ. ಎಂತದ್ದೂ ಆಗಲಿಲ್ಲ. ದೇವರು ದೊಡ್ಡವನು, ಎಂತದ್ದೂ ಆಗಲಿಲ್ಲ. ಈ ಕಡೆಗೇ ಬರ್ತಾ ಇದ್ದಾರೆ. ಬಂದ ಕೂಡಲೇ ಅರ್ಧ ಗಂಟೆಯಲ್ಲಿ ಹೊಸ ಸ್ವಿಚ್ಚು ಹಾಕ್ತೇನೆ, ನಿಮ್ಮ ಎದುರೇ ಹಗ್ಗ ಎಳೆದು ತೋರಿಸ್ತೇನೆ. ಮತ್ತೆ ಅವನಿಗೆ ಹೇಳಿ ಯಾಕೆ ಸುಮ್ಮನೆ ಹೆದರಿಸುವುದು, ಅಲ್ವಾ? ಆಗದೇ ಹೋದ ವಿಷಯ. ನಿಮಗೂ ನನಗೂ ಗೊತ್ತಾಯ್ತಲ್ಲ, ಸಾಕಲ್ಲ.

ಟೀಚರೇ?

ಅವನು ಅಲ್ಲಿಂದಲೇ ಕೈ ಎತ್ತಿ ಎಂತದೋ ಕೂಗ್ತಾ ಇದ್ದಾನೆ. ಎಂತ ಹೇಳ್ತಾನೆ? ಕೇಳಿತಾ ನಿಮಗೆ? "ಸಾಲ್ವದೊರಣ್ಣ, ಸೂಪರ್ ರಿಪೇರಿ! ಒಂದೇ ಒಂದು ಸಲ ಸಹ ನಿಲ್ಲಲಿಲ್ಲ."

...ನೀವು ಹೇಳುವುದಿಲ್ಲ. ಅಲ್ವಾ? ನೀವು ಹೀಗೆಯೇ ನಿಲ್ತೀರಿ, ನಾನಾಗಿಯೇ ಬಾಯಿ ಬಿಡುವ ತನಕ.

ಆಯ್ತು. ವಿಘ್ನೇಶಾ, ಬೋಟು ಕಟ್ಟಿ ಇಲ್ಲಿ ಬಾ. ಹೆಂಡತಿಯನ್ನೂ ಕರ್ಕೊಂಡು ಬಾ. ಅವಳೂ ಕೇಳಬೇಕು.