ಹಲ್ಲಿನ ಕ್ಲಿನಿಕ್ಕಿನ ಕೆಂಪು ಮೀನು

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಸರದಿಗೆ ಕೂತಿದ್ದ ಮೆಕ್ಯಾನಿಕ್‌ನ ಕೆನ್ನೆ ಊದಿಕೊಂಡು ಬಾಯಿ ತೆರೆಯಲಾಗುತ್ತಿರಲಿಲ್ಲ, ಕಿವಿಗಷ್ಟೇ ಕೆಲಸ. ಪಕ್ಕದಲ್ಲಿ ಒಬ್ಬ ಅತ್ತಿಗೆ, ಅವಳ ನಾದಿನಿ. ಅತ್ತಿಗೆಯ ಕಣ್ಣು ಎದುರಿನ ಮೀನಿನ ತೊಟ್ಟಿಯ ಮೇಲೆ.

“ಅತ್ತಿಗೆ, ನಿಮ್ಮನ್ನ ಕರೀತಿದಾರೆ. ಏಳಿ.”

“ಆ ಕೆಂಪು ಮೀನು ನೋಡೇ. ಹೊಟ್ಟೆ ಊದಿ ಹುರುಪೆಯೆಲ್ಲ ನಿಮಿರಿ ನಿಂತಿದೆ. ಉಳಿದವು ಬಾಲ ಕಚ್ತಾ ಇವೆ.”

“ಹಲ್ಲು ಕೀಳಿಸ್ಕೊಳ್ಳೋಕೆ ಹೆದರಿ ಹೋದ ಸಲ ತಲೆನೋವು ಅಂದ್ರಿ. ಈಗ ಮೀನಾ?”

“ಹೆದರಿಕೆ ಇದೆ ಕಣೆ, ಸುಳ್ಳು ಯಾಕೆ? ಆದ್ರೂ ಇದನ್ನ ಬೇರೆ ಮಾಡದೆ ನಾನು ಒಳಗೆ ಹೋಗಲ್ಲ.”

ಅವಳು ನರ್ಸನ್ನು ಕರೆದು ಬಕೆಟ್ ಕೇಳಿದಳು.

“ಅದು ಇವತ್ತೋ ನಾಳೆಯೋ ಅನ್ನೋ ಹಾಗಿದೆಯಮ್ಮ. ಬೇಕಿದ್ರೆ ನೀವೇ ತಗೊಂಡು ಹೋಗಿ,” ಎಂದು ನರ್ಸ್ ಬಕೆಟ್ಟನ್ನೂ ಮಗ್ಗನ್ನೂ ತಂದುಕೊಟ್ಟಳು.

ಮೆಕ್ಯಾನಿಕ್ ಎದ್ದು ತೊಟ್ಟಿಯ ಮುಚ್ಚಳ ಎತ್ತಿ ಹಿಡಿದ. ಅತ್ತಿಗೆ ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತುಂಬಿ, ಮೀನನ್ನು ಮಗ್ಗಿನಲ್ಲಿ ಮೆಲ್ಲಗೆ ಎತ್ತಿ ಅದರೊಳಗೆ ಬಿಟ್ಟಳು.

“ಬದುಕುತ್ತಾ ಅತ್ತಿಗೆ?”

“ಕಷ್ಟ. ಮನೇಲಿ ಇನ್ನೊಂದು ತೊಟ್ಟಿ ಖಾಲಿ ಇದೆಯಲ್ಲ, ಚೂರು ಉಪ್ಪು ಹಾಕಿ ನೋಡ್ತೀನಿ. ಸತ್ರೂ ಕಚ್ಚಿಸ್ಕೊಂಡು ಸಾಯೋದು ಬೇಡ.”

“ಹಾಗಾದ್ರೆ ನಿಮ್ಮ ಹಲ್ಲು ಮುಂದಿನ ವಾರಾನಾ?”

“ಯಾರಂದ್ರು? ಬಕೆಟ್ ಹಿಡ್ಕೋ, ಅಲ್ಲಾಡಿಸ್ಬೇಡ. ಕೀಳಿಸ್ಕೊಂಡೇ ಬರ್ತೀನಿ.”

ಒದ್ದೆ ಕೈ ಒರೆಸಿಕೊಂಡು ಅವಳು ಒಳಗೆ ನಡೆದಳು. ನಾದಿನಿ ಬಕೆಟ್ಟನ್ನು ಎದೆಗವಚಿಕೊಂಡು, ನೀರು ತುಳುಕದಂತೆ ಪುಟ್ಟ ಹೆಜ್ಜೆಯಿಡುತ್ತ ಅವಳ ಹಿಂದೆಯೇ ಹೋದಳು.